ಡಿಗ್ರಿ ಓದುತ್ತಲೇ ಸೇನೆಯ ಆಫೀಸರ್ ಹುದ್ದೆಗೆ ತಯಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ಡಿಗ್ರಿಗೆ ಈಗಷ್ಟೇ ಸೇರಿದವರು, ಕೊನೆಯ ವರ್ಷದಲ್ಲಿರುವವರು, ಅವರ ಅಪ್ಪ ಅಮ್ಮಂದಿರು, ಎಲ್ಲರೂ ಸೇನೆಯಲ್ಲಿ ಅಧಿಕಾರಿಯಾಗುವ ಬಗ್ಗೆ ಕೇಳಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವುಗಳಿಗಷ್ಟೇ ಉತ್ತರಿಸುತ್ತಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ: ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಗ್ವಾಲಿಯರ್‌ನಲ್ಲಿ ತರಬೇತಿ ಪಡೆದು ಬಂದ ಮೇಲೆ ನಿವೃತ್ತಿಯವರೆಗೂ ಕಾಲೇಜಿನ ಎನ್‌ಸಿಸಿ ಅಧಿಕಾರಿಯಾಗಿದ್ದೆ. ನಮ್ಮ ಮೈದಾನದಲ್ಲಿ ಪರೇಡ್ ಮಾಡಿದ ಮಕ್ಕಳಲ್ಲಿ ಕೆಲವರು ಇವತ್ತು ಸೇನೆಯಲ್ಲಿ ಅಧಿಕಾರಿಗಳು. ಆಯ್ಕೆಯಾಗದೆ ವಾಪಸ್ ಬಂದವರ ಜೊತೆಗೂ ಕೂತು ಬಹಳ ಹೊತ್ತು ಮಾತಾಡಿದ್ದೇನೆ. ಎರಡೂ ಕಡೆಯವರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಾನು ಬಿ.ಎ. ಮೊದಲ ವರ್ಷ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆ ಇಲ್ಲದೆ ನೇರವಾಗಿ ಆಫೀಸರ್ ಆಗಬಹುದು ಅಂತ ಸೀನಿಯರ್‌ಗಳು ಹೇಳುತ್ತಾರೆ. ನಿಜವಾ? ಈ ವರ್ಷ ಓದಿನ ಕಡೆ ಗಮನ ಕೊಟ್ಟು ಮುಂದಿನ ವರ್ಷ ಸೇರಿದರೆ ಆಗುತ್ತಾ? – ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನಪ್ಪ: ಕಾಯಬೇಡ. ಈ ವಾರವೇ ಹೋಗಿ ನಿಮ್ಮ ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ನೋಡು. ಎರಡನೇ ವರ್ಷದಲ್ಲಿ ‘ಬಿ’ ಪರೀಕ್ಷೆ, ಮೂರನೇ ವರ್ಷದಲ್ಲಿ ‘ಸಿ’ ಪರೀಕ್ಷೆ. ನಿನ್ನ ಡಿಗ್ರಿ ಇರುವುದೇ ಮೂರು ವರ್ಷ. ತಡವಾಗಿ ಸೇರಿದವರಿಗೆ ‘ಬಿ’ ಸಿಗುವಷ್ಟರಲ್ಲಿ ಕಾಲೇಜೇ ಮುಗಿದುಹೋಗುತ್ತದೆ. ಪ್ರತಿವರ್ಷ ಒಬ್ಬಿಬ್ಬರು ಎರಡನೇ ವರ್ಷದ ಮಕ್ಕಳು ಬಂದು ‘ಮೇಡಂ, ಹೇಗಾದರೂ ಸೇರಿಸಿಕೊಳ್ಳಿ’ ಅಂತ ನನ್ನ ಮುಂದೆ ನಿಲ್ಲುತ್ತಿದ್ದರು. ಓದಿನಲ್ಲೂ ಓಟದಲ್ಲೂ ಚೆನ್ನಾಗಿದ್ದ ಹುಡುಗರು. ಅವರಿಗೆ ಇಲ್ಲ ಅನ್ನುವಾಗ ಹೊಟ್ಟೆ ಉರಿಯುತ್ತಿತ್ತು.

ಇನ್ನು ‘ನೇರ’ ಅನ್ನುವ ಮಾತು. ಸೇನೆಯಲ್ಲಿ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಅಂತ ಒಂದು ದಾರಿ ಇದೆ. ವರ್ಷಕ್ಕೆ ಎರಡು ಸಲ ಅರ್ಜಿ ಕರೆಯುತ್ತಾರೆ. ವಯಸ್ಸು 19ರಿಂದ 25ರೊಳಗೆ ಇರಬೇಕು, ಮದುವೆಯಾಗಿರಬಾರದು. ಡಿಗ್ರಿಯಲ್ಲಿ ಎಲ್ಲಾ ವರ್ಷ ಸೇರಿ ಕನಿಷ್ಠ ಶೇ 50 ಅಂಕ ಬೇಕು. ‘ಸಿ’ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ‘ಬಿ’ ಗ್ರೇಡ್ ಬೇಕು. ಇಷ್ಟಿದ್ದರೆ ಯುಪಿಎಸ್‌ಸಿ ನಡೆಸುವ ಲಿಖಿತ ಪರೀಕ್ಷೆ ಇರುವುದಿಲ್ಲ. ನಿನ್ನ ಸೀನಿಯರ್‌ಗಳು ಹೇಳಿದ್ದು ಇಷ್ಟರ ಮಟ್ಟಿಗೆ ಸರಿ. ಆದರೆ ಅರ್ಜಿ ಹಾಕಿದವರೆಲ್ಲರನ್ನೂ ಕರೆಯುವುದಿಲ್ಲ, ಅಂಕ ನೋಡಿ ಸೋಸುತ್ತಾರೆ. ಹಾಗಾಗಿ ಶೇ 50 ಅಂದರೆ ಬಾಗಿಲ ಹತ್ತಿರ ಬಂದ ಹಾಗೆ ಅಷ್ಟೆ. ಕರೆ ಬಂದ ಮೇಲೆ ಎಸ್‌ಎಸ್‌ಬಿ, ಅಂದರೆ ಆಯ್ಕೆ ಮಂಡಳಿಯ ಐದು ದಿನಗಳ ಪರೀಕ್ಷೆ. ಅದಾದ ಮೇಲೆ ವೈದ್ಯಕೀಯ ತಪಾಸಣೆ. ಎರಡೂ ಪಾಸಾದವರ ಮೆರಿಟ್ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಮೇಲಿದ್ದರೆ ಮಾತ್ರ ಸೇರುವ ಪತ್ರ ಬರುತ್ತದೆ. ಎಸ್‌ಎಸ್‌ಬಿ ಪಾಸಾಗಿಯೂ ಸೀಟು ಸಿಗದೆ ಮನೆಯಲ್ಲಿ ಕೂತವರನ್ನು ನಾನು ಕಂಡಿದ್ದೇನೆ.

ಇದೊಂದನ್ನೇ ನಂಬಿಕೊಂಡು ಕೂರುವುದೂ ಬೇಡ. ಸಿಡಿಎಸ್, ಅಂದರೆ ಡಿಗ್ರಿಯವರನ್ನು ಸೇನಾಧಿಕಾರಿಗಳಾಗಿ ಆರಿಸುವ ಲಿಖಿತ ಪರೀಕ್ಷೆಯನ್ನೂ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. ಇಂಗ್ಲಿಷ್, ಸಾಮಾನ್ಯ ಜ್ಞಾನ, ಹತ್ತನೇ ತರಗತಿ ಮಟ್ಟದ ಗಣಿತ, ತಲಾ 100 ಅಂಕ. ಚೆನ್ನೈನ ಓಟಿಎಗೆ, ಅಂದರೆ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ ಮಾತ್ರ ಸೇರುವವರಿಗೆ ಗಣಿತ ಇಲ್ಲ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಳೆಯುತ್ತಾರೆ, ಕಣ್ಣುಮುಚ್ಚಿ ಗುರುತು ಹಾಕಬೇಡ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಸಿಡಿಎಸ್ ಸೀಟುಗಳಲ್ಲಿ ಒಂದಷ್ಟನ್ನು ‘ಸಿ’ ಸರ್ಟಿಫಿಕೇಟ್ ಇರುವವರಿಗೇ ಎತ್ತಿಡುತ್ತಾರೆ. ಅಂದರೆ ನಿನ್ನ ಸರ್ಟಿಫಿಕೇಟ್ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಆದರೆ ಸರ್ಟಿಫಿಕೇಟ್ ಒಂದಕ್ಕೇ ಎನ್‌ಸಿಸಿ ಸೇರುವವರನ್ನು ಕಂಡರೆ ನನಗೆ ಬೇಜಾರು. ಹಾಜರಾತಿ ಶೇ 75 ತುಂಬಿಸಲು ಬಂದು ಹಿಂದಿನ ಸಾಲಿನಲ್ಲಿ ನಿಂತು ಹೋಗುವವರು ಇರುತ್ತಾರೆ. ಕ್ಯಾಂಪಿಗೆ ಹೋದ ಮೇಲೆ ಅವರಿಗೂ ಉಳಿದವರಿಗೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮ್ಯಾಪ್ ರೀಡಿಂಗ್ ತರಗತಿಯನ್ನೇ ತಗೋ. ಹವಾಲ್ದಾರರು ನೆಲದ ಮೇಲೆ ನಕ್ಷೆ ಹಾಸುತ್ತಾರೆ. ದಿಕ್ಸೂಚಿ ಇಟ್ಟು, ನಕ್ಷೆಯನ್ನು ನಿಧಾನಕ್ಕೆ ತಿರುಗಿಸಿ ಉತ್ತರಕ್ಕೆ ಹೊಂದಿಸಬೇಕು. ಆಮೇಲೆ ತಲೆ ಎತ್ತಿ ನೋಡಿದರೆ ಕಾಗದದ ಮೇಲಿನ ಗುಡ್ಡ ಎದುರಿಗಿರುವ ಗುಡ್ಡದ ಕಡೆಗೇ ಇರುತ್ತದೆ. ಅದು ಕೂಡಿಬಂದ ಗಳಿಗೆಯಲ್ಲಿ ಹುಡುಗರ ಮುಖ ಅರಳುವುದನ್ನು ನೋಡುವುದೇ ನನಗೆ ಆ ಕೆಲಸದ ದೊಡ್ಡ ಖುಷಿಯಾಗಿತ್ತು. ಹಿಂದಿನ ಸಾಲಿನವರು ಆಗಲೂ ನೆರಳು ಹುಡುಕುತ್ತಿರುತ್ತಾರೆ. ಮೂರು ವರ್ಷದ ಕೊನೆಗೆ ಇಬ್ಬರ ಕೈಯಲ್ಲೂ ಅದೇ ಸರ್ಟಿಫಿಕೇಟ್ ಇರಬಹುದು. ಎಸ್‌ಎಸ್‌ಬಿಯಲ್ಲಿ ಸಂದರ್ಶನ ಮಾಡುವ ಅಧಿಕಾರಿ ‘ಕ್ಯಾಂಪಿನಲ್ಲಿ ಏನು ಮಾಡಿದೆ?’ ಅಂತ ಕೇಳಿದಾಗ ಒಬ್ಬನಿಗೆ ಹೇಳಲು ಬೇಕಾದಷ್ಟಿರುತ್ತದೆ, ಇನ್ನೊಬ್ಬನಿಗೆ ಏನೂ ಇರುವುದಿಲ್ಲ.

ಇನ್ನೊಂದು ಮಾತು. ಎನ್‌ಸಿಸಿ ಸೇರಿದರೆ ಸೇನೆಗೆ ಹೋಗಲೇಬೇಕು ಅಂತ ಕಡ್ಡಾಯ ಇಲ್ಲ. ಮನೆಯವರು ಆ ಭಯದಿಂದ ತಡೆದರೆ ಇದನ್ನು ಅವರಿಗೆ ತಿಳಿಸು.

ಪ್ರಶ್ನೆ: ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಬಿ.ಎಸ್‌ಸಿ. ಎರಡನೇ ವರ್ಷ, ಎನ್‌ಸಿಸಿಯಲ್ಲಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಸೇನೆಯಲ್ಲಿಲ್ಲ, ಅಪ್ಪ ಬೇಸಾಯ. ಎಸ್‌ಎಸ್‌ಬಿಗೆ ಸೈನಿಕ ಶಾಲೆಯವರು, ದೊಡ್ಡ ಊರಿನವರು ಪಟಪಟ ಇಂಗ್ಲಿಷ್ ಮಾತಾಡೋರು ಬರುತ್ತಾರಂತೆ. ನಮ್ಮಂಥವರು ಹೋಗಿ ಏನು ಮಾಡೋದು? – ಕೆಡೆಟ್, ಹಾವೇರಿ ಜಿಲ್ಲೆ

ಉತ್ತರ: ನಿನ್ನ ಪತ್ರವನ್ನು ಎರಡು ಸಲ ಓದಿದೆ. ನೀನು ಎಷ್ಟು ನೇರವಾಗಿ ಬರೆದಿದ್ದೀಯೋ ಅಷ್ಟೇ ನೇರವಾಗಿ ನಾನೂ ಹೇಳುತ್ತೇನೆ. ಇಂಗ್ಲಿಷ್ ಬೇಕು. ಸಿಡಿಎಸ್ ಬರೆದರೆ ಇಂಗ್ಲಿಷಿನದೇ ಒಂದು ಪತ್ರಿಕೆ ಇದೆ. ಅಕಾಡೆಮಿಯಲ್ಲಿ ಪಾಠ, ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲೇ. ‘ಭಾಷೆ ಮುಖ್ಯವಲ್ಲ, ಧೈರ್ಯ ಇದ್ದರೆ ಸಾಕು’ ಅಂತ ನಿನಗೆ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಆದರೆ ಬೇಕಾಗಿರುವುದು ಪಟಪಟ ಇಂಗ್ಲಿಷ್ ಅಲ್ಲ. ನಿನ್ನ ಮನಸ್ಸಿನಲ್ಲಿರುವುದು ಎದುರಿನವರಿಗೆ ಅರ್ಥವಾಗುವಷ್ಟು, ತಡವರಿಸದೆ ಹೇಳುವಷ್ಟು ಇಂಗ್ಲಿಷ್. ಅದಕ್ಕೆ ನಿನ್ನ ಹತ್ತಿರ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಇದೆ.

ಅಲ್ಲಿ ಏನೇನು ನಡೆಯುತ್ತದೆ ಅಂತ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ನಮ್ಮ ಕಡೆಯ ಹೆಚ್ಚಿನವರಿಗೆ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿರುವ ಸೆಲೆಕ್ಷನ್ ಸೆಂಟರ್ ಸೌತ್‌ನಿಂದಲೇ ಕರೆ ಬರುತ್ತದೆ. ಪ್ರಯಾಗರಾಜ್ (ಹಿಂದಿನ ಅಲಹಾಬಾದ್), ಭೋಪಾಲ್, ಪಂಜಾಬಿನ ಕಡೆಗೂ ಹಾಕಬಹುದು. ಹೋದ ಕೂಡಲೇ ಎದೆಗೆ ಒಂದು ನಂಬರ್ ಕಟ್ಟುತ್ತಾರೆ. ಅಲ್ಲಿಂದ ವಾಪಸ್ ಬರುವವರೆಗೂ ಆ ನಂಬರೇ ನಿನ್ನ ಹೆಸರು. ಯಾರ ಮಗ, ಯಾವ ಶಾಲೆ, ಯಾವ ಜಾತಿ, ಯಾವ ಊರು ಅಂತ ನಿನ್ನ ಗುಂಪಿನವರು ಯಾರೂ ನಿನ್ನನ್ನು ಅಳೆಯುವುದಿಲ್ಲ.

ಮೊದಲ ದಿನ ಬುದ್ಧಿಶಕ್ತಿಯ ಪರೀಕ್ಷೆ, ಆಮೇಲೆ ಒಂದು ಚಿತ್ರ. ಮಸುಕಾದ ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ. ಅದನ್ನು ನೋಡಿ ಒಂದು ಕಥೆ ಬರೆಯಬೇಕು, ಅದನ್ನು ಗುಂಪಿನ ಮುಂದೆ ಹೇಳಬೇಕು, ಆಮೇಲೆ ಎಲ್ಲರೂ ಮಾತಾಡಿ ಒಂದು ಕಥೆಗೆ ಬರಬೇಕು. ಸಂಜೆಯೊಳಗೆ ಬಹಳಷ್ಟು ಜನರನ್ನು ವಾಪಸ್ ಕಳಿಸುತ್ತಾರೆ. ಇಲ್ಲೇ ನಿನ್ನಂಥವರು ಎಡವುವುದು. ಗುಂಪಿನಲ್ಲಿ ಹತ್ತು ಜನ ಒಟ್ಟಿಗೆ ಕೂಗಾಡುವಾಗ ಸುಮ್ನೆ ಕೂತುಬಿಡುತ್ತಾರೆ. ಹಾಗೆ ಕೂರಬೇಡ. ಮೂರು ಸರಳ ವಾಕ್ಯ ಸಾಕು, ಆದರೆ ಆ ಮೂರು ವಾಕ್ಯ ಎಲ್ಲರಿಗೂ ಕೇಳಿಸಬೇಕು. ಬೇರೆಯವರು ಒಳ್ಳೆಯದನ್ನು ಹೇಳಿದರೆ ‘ಇವರು ಹೇಳಿದ್ದು ಸರಿ, ಇದನ್ನೇ ಮುಂದುವರಿಸೋಣ’ ಅನ್ನುವುದೂ ಮಾತೇ.

ಉಳಿದುಕೊಂಡವರಿಗೆ ಮುಂದಿನ ದಿನಗಳಲ್ಲಿ ಮನಶ್ಶಾಸ್ತ್ರದ ಪರೀಕ್ಷೆಗಳು. ಇಲ್ಲಿ ಬರವಣಿಗೆ ಜಾಸ್ತಿ. ಚಿತ್ರಗಳನ್ನು ತೋರಿಸಿ ಹನ್ನೆರಡು ಕಥೆ ಬರೆಸುತ್ತಾರೆ, ಅದರಲ್ಲಿ ಕೊನೆಯದಕ್ಕೆ ಖಾಲಿ ಹಾಳೆ ತೋರಿಸುತ್ತಾರೆ, ಕಥೆ ನಿನ್ನದೇ. ಆಮೇಲೆ 60 ಪದಗಳು, ಒಂದೊಂದಕ್ಕೆ 15 ಸೆಕೆಂಡ್. ಪದ ಕಂಡ ಕೂಡಲೇ ಹೊಳೆದದ್ದನ್ನು ಒಂದು ವಾಕ್ಯ ಬರೆಯಬೇಕು. ಆಮೇಲೆ ಅರ್ಧ ಗಂಟೆಯಲ್ಲಿ 60 ಸನ್ನಿವೇಶಗಳು. ‘ನೀನು ಪರೀಕ್ಷೆಗೆ ಹೊರಟಿದ್ದೀಯ, ದಾರಿಯಲ್ಲಿ ಅಪಘಾತ ಕಂಡಿತು’ ಈ ತರಹ. ಕೊನೆಗೆ ನಿನ್ನ ಬಗ್ಗೆ ನಿನ್ನ ತಂದೆ ತಾಯಿ, ಶಿಕ್ಷಕರು, ಗೆಳೆಯರು, ನೀನೇ ಏನು ಅಂದುಕೊಂಡಿದ್ದೀರಿ ಅಂತ ಬರೆಯಬೇಕು. ಇದರಲ್ಲಿ ಯಾವುದೂ ವ್ಯಾಕರಣದ ಪರೀಕ್ಷೆ ಅಲ್ಲ. 15 ಸೆಕೆಂಡಿನಲ್ಲಿ ದೊಡ್ಡ ಪದ ಹುಡುಕಲು ಹೋದರೆ ಬೆಲ್ ಹೊಡೆದಿರುತ್ತದೆ. ನಾನು ನಮ್ಮ ಮಕ್ಕಳಿಗೆ ಕಾಲೇಜಿನ ಕಾರಿಡಾರಿನಲ್ಲೇ ಇದನ್ನು ಮಾಡಿಸುತ್ತಿದ್ದೆ. ಕೈಗಡಿಯಾರ ಹಿಡಿದು ಒಂದೊಂದೇ ಪದ ಹೇಳುವುದು, ಅವರು ಬರೆಯುವುದು. ಮೊದಮೊದಲು ಅರ್ಧ ಹಾಳೆ ಖಾಲಿ ಇರುತ್ತಿತ್ತು. ದಿನಾ ಮಾಡಿದರೆ ತಾನಾಗಿ ತುಂಬಿಕೊಳ್ಳುತ್ತದೆ. ಗೆಳೆಯನೊಬ್ಬನನ್ನು ಜೊತೆ ಮಾಡಿಕೊಂಡು ನೀನೂ ಮಾಡು.

ಕಥೆ ಬರೆಯುವಾಗ ಒಂದು ಎಚ್ಚರ. ಗೈಡ್ ಪುಸ್ತಕ ಓದಿದವರೆಲ್ಲ ಒಂದೇ ಕಥೆ ಬರೆಯುತ್ತಾರೆ: ಒಬ್ಬ ಯುವಕ, ಒಂದು ಹಳ್ಳಿ, ಒಂದು ರಕ್ತದಾನ ಶಿಬಿರ. ಪಾಪ, ಅದನ್ನು ಓದುವ ಮನಶ್ಶಾಸ್ತ್ರಜ್ಞರಿಗೆ ಆ ಹುಡುಗ ಯಾರು ಅಂತ ಗೊತ್ತಾಗುವುದೇ ಇಲ್ಲ. ನಿನ್ನ ಅಪ್ಪ ಬೇಸಾಯಗಾರ ಅಂದೆ. ಬೋರ್‌ವೆಲ್ ಕೈಕೊಟ್ಟಾಗ ಮನೆಯಲ್ಲಿ ಏನು ಮಾಡಿದಿರಿ, ಮಳೆ ಬರುವ ಮುಂಚೆ ಒಕ್ಕಣೆ ಮುಗಿಸಲು ಆಳುಗಳನ್ನು ಹೇಗೆ ಹೊಂದಿಸಿದಿರಿ, ಇವೆಲ್ಲ ನಿನಗೆ ಗೊತ್ತಿರುವ ವಿಷಯ. ಇರುವ ಜನ, ಇರುವ ಸಾಮಾನು, ಇರುವ ಸಮಯದಲ್ಲಿ ಕೆಲಸ ಮುಗಿಸುವುದು ತಾನೇ ಅಧಿಕಾರಿಯ ಕೆಲಸ? ಅದನ್ನು ನೀನು ಮನೆಯಲ್ಲೇ ನೋಡಿದ್ದೀಯ. ಅದನ್ನೇ ಬರೆ.

ಇನ್ನು ಮೈದಾನದ ಪರೀಕ್ಷೆಗಳು. ಗುಂಪಿಗೆ ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ ಕೊಟ್ಟು ಅಡೆತಡೆ ದಾಟಿಸುತ್ತಾರೆ. ಕೆಂಪು ಬಣ್ಣ ಬಳಿದ ಕಡೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ಕಾಲೇಜಿನಿಂದ ಹೋಗಿದ್ದ ಒಬ್ಬ ಹುಡುಗಿ ಬಂದು ಹೇಳಿದ್ದು ನೆನಪಿದೆ. ಅವಳ ಗುಂಪಿನಲ್ಲಿ ಇಬ್ಬರು ಚೆನ್ನಾಗಿ ಇಂಗ್ಲಿಷ್ ಮಾತಾಡುವವರು ಹಲಗೆ ಎಲ್ಲಿಡಬೇಕು ಅಂತ ವಾದ ಮಾಡುತ್ತಲೇ ಇದ್ದರಂತೆ. ಇವಳು ಹಲಗೆಯ ಒಂದು ತುದಿಯ ಮೇಲೆ ಕೂತು, ಇನ್ನೊಂದು ತುದಿ ತೋರಿಸಿ, ‘ಐ ವಿಲ್ ಸಿಟ್ ಹಿಯರ್, ಯು ಗೋ’ ಅಂದಳಂತೆ. ಅವಳ ಭಾರಕ್ಕೆ ಹಲಗೆ ಅಲುಗಾಡದೆ ನಿಂತಿತು, ಒಬ್ಬೊಬ್ಬರೇ ದಾಟಿದರು. ಕೊನೆಗೆ ಇವಳನ್ನು ಹಗ್ಗ ಎಸೆದು ಎಳೆದುಕೊಂಡರು. ಅವಳು ಇವತ್ತು ಸೇನೆಯಲ್ಲಿದ್ದಾಳೆ.

ಮನೆಯಲ್ಲಿ ಯಾರೂ ಸೇನೆಯಲ್ಲಿಲ್ಲ ಅಂತ ಬರೆದಿದ್ದೀಯ. ಇತಿಹಾಸದ ಮೇಷ್ಟ್ರು ನಾನು, ಇದನ್ನು ಹೇಳದೆ ಬಿಡಲಾರೆ. ಕೊಡಗಿನ ಕೆ.ಎಂ. ಕಾರ್ಯಪ್ಪನವರ ತಂದೆ ಕಂದಾಯ ಇಲಾಖೆಯಲ್ಲಿದ್ದವರು. ಮಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಭಾರತೀಯರನ್ನೂ ಅಧಿಕಾರಿಗಳಾಗಿ ತರಬೇತು ಮಾಡುತ್ತಾರೆ ಅಂತ ಗೊತ್ತಾಗಿ ಅರ್ಜಿ ಹಾಕಿದರು. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಮುಗಿಸಿ 1919ರಲ್ಲಿ ಅಧಿಕಾರಿಯಾದರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಈಗಲೂ ಆ ದಿನವನ್ನೇ ಸೇನಾ ದಿನ ಅಂತ ಆಚರಿಸುವುದು. ಅವರೂ ಕಾಲೇಜಿನಿಂದಲೇ ಹೋದವರು.

ಪ್ರಶ್ನೆ: ನನ್ನ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಎನ್‌ಸಿಸಿಯಿಂದ ಸೇನೆಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನನಗೆ ಹೆಮ್ಮೆಯೂ ಇದೆ, ರಾತ್ರಿ ನಿದ್ದೆಯೂ ಬರುತ್ತಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಭವಿಷ್ಯ ಇದೆಯಾ? ಮದುವೆ ಗತಿ ಏನು? – ತಾಯಿ, ತುಮಕೂರು

ಉತ್ತರ: ಅಮ್ಮ, ನಿಮ್ಮ ಎರಡೂ ಭಾವನೆ ನನಗೆ ಅರ್ಥವಾಗುತ್ತವೆ. ಕ್ಯಾಂಪಿಗೆ ಮಕ್ಕಳನ್ನು ಬಸ್ ಹತ್ತಿಸುವಾಗ ಕಿಟಕಿ ಹಿಡಿದು ನಿಲ್ಲುವ ತಾಯಂದಿರನ್ನು ನೋಡಿಕೊಂಡೇ ಬಂದವಳು ನಾನು.

ವೈದ್ಯಕೀಯ ವಿಭಾಗದ ಆಚೆಗೆ ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ ಸೇರಿಸಿಕೊಳ್ಳಲು ಶುರು ಮಾಡಿದ್ದು 1992ರಲ್ಲಿ. ಆಗ ಕೆಲವೇ ವರ್ಷದ ಸೇವೆ, ಆಮೇಲೆ ಮನೆಗೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಗಂಡಸರ ಹಾಗೆ ಅವರಿಗೂ ಕಾಯಂ ಸೇವೆಯ ಅವಕಾಶ ಸಿಕ್ಕಿತು. 2023ರಲ್ಲಿ ಫಿರಂಗಿ ದಳಕ್ಕೂ ಹೆಣ್ಣುಮಕ್ಕಳು ಬಂದರು. ಎನ್‌ಡಿಎಯಲ್ಲಿ, ಅಂದರೆ ಪಿಯುಸಿ ಆದ ಮೇಲೆ ಸೇರುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯಲ್ಲಿ ಓದಿದ ಹುಡುಗಿಯರ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು. ಕಾಲಾಳು ಪಡೆ, ಟ್ಯಾಂಕ್ ದಳಗಳು ಅವರಿಗೆ ಇನ್ನೂ ತೆರೆದಿಲ್ಲ. ಎನ್‌ಸಿಸಿ ದಾರಿಯಲ್ಲಿ ಹುಡುಗಿಯರಿಗೆ ಇರುವ ಸೀಟು ಹುಡುಗರಿಗಿಂತ ಬಹಳ ಕಡಿಮೆ, ಕೈಬೆರಳಲ್ಲಿ ಎಣಿಸುವಷ್ಟು. ಅದಕ್ಕೇ ಮಗಳು ಸಿಡಿಎಸ್ ಕೂಡ ಬರೆಯಲಿ. ಹೆಣ್ಣುಮಕ್ಕಳಿಗೆ ಆ ಪರೀಕ್ಷೆಗೆ ಶುಲ್ಕ ಇಲ್ಲ.

ನಿಮಗೆ ಗೊತ್ತಿರಬೇಕಾದ ಇನ್ನೊಂದು ವಿಷಯ ಇದೆ. ಇದನ್ನು ಯಾರೂ ಮುಂಚೆಯೇ ಹೇಳುವುದಿಲ್ಲ. ಎನ್‌ಸಿಸಿಯಿಂದ ಹೋಗುವುದು ಶಾರ್ಟ್ ಸರ್ವಿಸ್ ಕಮಿಷನ್‌ಗೆ, ಅಂದರೆ 10 ವರ್ಷದ ಸೇವೆ. ಅದು ಮುಗಿದಾಗ ಮೂರು ದಾರಿ: ಕಾಯಂ ಸೇವೆಗೆ ಅರ್ಜಿ ಹಾಕಬಹುದು, ಇನ್ನು 4 ವರ್ಷ ಮುಂದುವರಿಸಬಹುದು, ಬಿಟ್ಟು ಬರಬಹುದು. ಬಿಟ್ಟು ಬಂದರೆ ಪಿಂಚಣಿ ಇರುವುದಿಲ್ಲ, ಗ್ರಾಚ್ಯುಟಿ ಬರುತ್ತದೆ. ಆಗ ಅವಳಿಗೆ ಮೂವತ್ತೆರಡೋ ಮೂವತ್ನಾಲ್ಕೋ ವಯಸ್ಸು. ಇನ್ನೊಂದು ಕೆಲಸ ಶುರು ಮಾಡಲು ತಡವಾದ ವಯಸ್ಸಲ್ಲ, ಆದರೆ ಡಿಗ್ರಿಯಲ್ಲಿ ಒಳ್ಳೆಯ ಅಂಕ ಇದ್ದರೆ ಆಗ ಉಪಯೋಗಕ್ಕೆ ಬರುತ್ತದೆ.

ಮದುವೆ ಬಗ್ಗೆ. ಸೇರುವಾಗ ಮದುವೆಯಾಗಿರಬಾರದು, ತರಬೇತಿ ಮುಗಿಯುವವರೆಗೂ ಆಗಬಾರದು. ಆಮೇಲೆ ಆಗಬಹುದು, ಆಗುತ್ತಾರೆ. ನನ್ನ ವಿದ್ಯಾರ್ಥಿನಿಯರಲ್ಲಿ ಅಧಿಕಾರಿಯಾದವರಿಗೆ ಮದುವೆಯೂ ಆಗಿದೆ, ಮಕ್ಕಳೂ ಇದ್ದಾರೆ. ವರ್ಗಾವಣೆಯ ಕಷ್ಟ ಇದೆ, ಗಂಡ ಒಂದು ಊರು ಹೆಂಡತಿ ಇನ್ನೊಂದು ಊರು ಅನ್ನುವ ವರ್ಷಗಳೂ ಇರುತ್ತವೆ. ಅದನ್ನು ಮಗಳಿಗೆ ಈಗಲೇ ಹೇಳಿ, ಆದರೆ ಹೆದರಿಸಲು ಹೇಳಬೇಡಿ. ‘ನೆಂಟರು ಏನಂತಾರೆ’ ಅನ್ನುವ ಕಾರಣಕ್ಕೆ ತಡೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಹಾಗೆ ನಿಂತುಹೋದ ಒಳ್ಳೆಯ ಹುಡುಗಿಯರನ್ನು ನಾನು ನೋಡಿದ್ದೇನೆ. ಈಗಲೂ ಸಂತೆಯಲ್ಲಿ ಸಿಕ್ಕರೆ ಅವರು ಮೊದಲು ಕೇಳುವುದು ಈ ಸಲದ ಕ್ಯಾಂಪ್ ಎಲ್ಲಿ ಅಂತಲೇ.

ಪ್ರಶ್ನೆ: ಎಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಕಾಲೇಜಿನಲ್ಲಿ ಎನ್‌ಸಿಸಿಯೇ ಇಲ್ಲ. ನನಗೆ ಅವಕಾಶ ಮುಗಿದ ಹಾಗೆಯೇ? – ವಿದ್ಯಾರ್ಥಿ, ದಾವಣಗೆರೆ

ಉತ್ತರ: ಖಂಡಿತ ಇಲ್ಲ. ಎಂಜಿನಿಯರ್‌ಗಳಿಗೆ ಸೇನೆಯಲ್ಲಿ ಬೇರೆಯೇ ಬಾಗಿಲುಗಳಿವೆ. ಕೊನೆಯ ವರ್ಷದಲ್ಲಿ ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್‌ಗೆ ಅರ್ಜಿ ಹಾಕಬಹುದು, ಅದು ಡೆಹ್ರಾಡೂನಿಗೆ, ಹುಡುಗರಿಗೆ ಮಾತ್ರ. ಶಾರ್ಟ್ ಸರ್ವಿಸ್ ಟೆಕ್ನಿಕಲ್‌ಗೆ ಹುಡುಗ ಹುಡುಗಿಯರಿಬ್ಬರೂ ಹಾಕಬಹುದು. ಎರಡಕ್ಕೂ ವಯಸ್ಸು 20ರಿಂದ 27, ಎರಡಕ್ಕೂ ಲಿಖಿತ ಪರೀಕ್ಷೆ ಇಲ್ಲ. ಅಂಕ ನೋಡಿ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಹಾಗಾಗಿ ನಿನ್ನ ಸೆಮಿಸ್ಟರ್ ಅಂಕಗಳೇ ನಿನ್ನ ಪರೀಕ್ಷೆ, ಬ್ಯಾಕ್‌ಲಾಗ್ ಇಟ್ಟುಕೊಳ್ಳಬೇಡ. ವಾಯುಪಡೆಯ ಆಸೆ ಇದ್ದರೆ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ಸಿಡಿಎಸ್ ಅಂತೂ ಎಲ್ಲರಿಗೂ ಇದೆ.

ಪ್ರಶ್ನೆ: ಮೊದಲ ಎಸ್‌ಎಸ್‌ಬಿಯಲ್ಲಿ ಮೊದಲ ದಿನವೇ ಹೊರಬಿದ್ದೆ. ಯಾಕೆ ಅಂತ ಯಾರೂ ಹೇಳಲಿಲ್ಲ. ಈಗ ಕೊನೆಯ ಸೆಮಿಸ್ಟರ್. ಒಂದು ಕೋಚಿಂಗ್ ಸೆಂಟರ್‌ನವರು ಕಾಲೇಜು ಬಿಟ್ಟು ಪೂರ್ತಿ ತಯಾರಿ ಮಾಡಿದರೆ ಗ್ಯಾರಂಟಿ ಅನ್ನುತ್ತಿದ್ದಾರೆ. ಬಿಡಲಾ? – ವಿದ್ಯಾರ್ಥಿ, ವಿಜಯಪುರ

ಉತ್ತರ: ಬಿಡಬೇಡ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಬಹುದೋ ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಆಯ್ಕೆಯಾದರೂ ಡಿಗ್ರಿ ಪಾಸಾದ ದಾಖಲೆ ಕೊಡದಿದ್ದರೆ ಅಕಾಡೆಮಿಯ ಗೇಟಿನೊಳಗೆ ಬಿಡುವುದಿಲ್ಲ. ಕೊನೆಯ ಸೆಮಿಸ್ಟರ್ ಬಿಟ್ಟು ತಯಾರಿ ಮಾಡಿದರೆ ಯಾವ ಹುದ್ದೆಗೆ ತಯಾರಿ ಅದು? ಗ್ಯಾರಂಟಿ ಕೊಡುವ ಅಧಿಕಾರ ಯಾವ ಕೋಚಿಂಗ್ ಸೆಂಟರ್‌ಗೂ ಇಲ್ಲ. ಮನಶ್ಶಾಸ್ತ್ರಜ್ಞರು, ಮೈದಾನದ ಪರೀಕ್ಷೆ ಮಾಡುವ ಅಧಿಕಾರಿ, ಸಂದರ್ಶನ ಮಾಡುವ ಅಧಿಕಾರಿ, ಈ ಮೂವರೂ ನಿನ್ನನ್ನು ಬೇರೆಬೇರೆಯಾಗಿ ನೋಡುತ್ತಾರೆ. ಕೊನೆಯ ದಿನ ಒಟ್ಟಿಗೆ ಕೂತು ಮಾತಾಡುತ್ತಾರೆ. ನೀನು ಯೋಚಿಸುವುದು, ಆಡುವುದು, ಮಾಡುವುದು ಮೂರೂ ಒಂದೇ ಆಗಿದೆಯಾ ಅಂತ ಅವರು ಹುಡುಕುವುದು. ಬಾಯಿಪಾಠ ಮಾಡಿದ್ದು ಒಂದು ಕಡೆ ಹೊಂದಿಕೊಂಡರೂ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ.

ಕಾರಣ ಹೇಳದೆ ಕಳಿಸುವುದು ಅಲ್ಲಿನ ಪದ್ಧತಿ, ನಿನ್ನೊಬ್ಬನಿಗೆ ಆದದ್ದಲ್ಲ. ಕಾರಣವನ್ನು ನೀನೇ ಹುಡುಕಬೇಕು. ಅವತ್ತು ಬರೆದ ಕಥೆ ನೆನಪಿದ್ದರೆ ಈಗಲೇ ಒಂದು ಹಾಳೆಯಲ್ಲಿ ಬರೆದುಕೋ. ಗುಂಪಿನಲ್ಲಿ ಎಷ್ಟು ಸಲ ಬಾಯಿ ಬಿಟ್ಟೆ, ಯಾರ ಮಾತನ್ನಾದರೂ ಪೂರ್ತಿ ಕೇಳಿಸಿಕೊಂಡೆಯಾ? ನಿನ್ನನ್ನು ಚೆನ್ನಾಗಿ ಬಲ್ಲ ಒಬ್ಬ ಗೆಳೆಯನ ಮುಂದೆ ಅದೇ ಕಥೆ ಹೇಳಿ ಅವನ ಮುಖ ನೋಡು. ವಯಸ್ಸಿನ ಮಿತಿಯೊಳಗೆ ಇರುವವರೆಗೆ ಮತ್ತೆ ಹೋಗಬಹುದು. ಮೂರು, ನಾಲ್ಕು ಸಲ ಹೋಗಿ ಆಯ್ಕೆಯಾದವರು ನಮ್ಮ ಘಟಕದಲ್ಲೇ ಇದ್ದರು. ಅವರಲ್ಲಿ ಒಬ್ಬ ನಡುವಿನ ಸಮಯದಲ್ಲಿ ಊರಿನ ಹುಡುಗರಿಗೆ ಕಬಡ್ಡಿ ತಂಡ ಕಟ್ಟಿದ್ದ. ಸಂದರ್ಶನದಲ್ಲಿ ಅದರ ಬಗ್ಗೆಯೇ ಬಹಳ ಹೊತ್ತು ಕೇಳಿದರಂತೆ. ಚಂದಾ ಯಾರು ಕೊಟ್ಟರು, ಜಗಳ ಆದಾಗ ಏನು ಮಾಡಿದೆ, ಸೋತ ದಿನ ಹುಡುಗರಿಗೆ ಏನು ಹೇಳಿದೆ ಅಂತ.

ಪ್ರಶ್ನೆ: ಅಗ್ನಿವೀರ್ ಆಗಿ ಸೇರಿದರೂ ಆಫೀಸರ್ ಆದಂತೆಯೇ ಅಲ್ವಾ? – ವಿದ್ಯಾರ್ಥಿ, ಕೊಪ್ಪಳ

ಉತ್ತರ: ಅಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆ ಸೈನಿಕರ ನೇಮಕಾತಿಗೆ, ಸೇವೆ 4 ವರ್ಷ. ಅದು ಗೌರವದ ಕೆಲಸವೇ, ಆದರೆ ಅಧಿಕಾರಿಯ ಹುದ್ದೆಗೆ ದಾರಿ ಬೇರೆ, ಪರೀಕ್ಷೆ ಬೇರೆ, ತರಬೇತಿ ಬೇರೆ. ನೀನು ಡಿಗ್ರಿ ಓದುತ್ತಿದ್ದೀಯ. ಅದನ್ನು ಮುಗಿಸಿದರೆ ಅಧಿಕಾರಿಯ ದಾರಿಗೂ ಅರ್ಜಿ ಹಾಕಬಹುದು. ಮನೆಯ ಪರಿಸ್ಥಿತಿಯಿಂದ ಈಗಲೇ ದುಡಿಯಬೇಕಿದ್ದರೆ ಮತ್ತೊಮ್ಮೆ ಬರೆ, ಅದನ್ನು ಬೇರೆಯಾಗಿ ಮಾತಾಡೋಣ.

ಪ್ರಶ್ನೆ: ನನಗೆ ಕನ್ನಡಕ ಇದೆ. ಭುಜದ ಮೇಲೆ ಒಂದು ಹಚ್ಚೆಯೂ ಇದೆ. ತೊಂದರೆ ಆಗುತ್ತಾ? – ಕೆಡೆಟ್, ಶಿವಮೊಗ್ಗ

ಉತ್ತರ: ಕನ್ನಡಕ ಇದ್ದ ಮಾತ್ರಕ್ಕೆ ಹೊರಗೆ ಹಾಕುವುದಿಲ್ಲ, ದೋಷ ಎಷ್ಟು ಅನ್ನುವುದರ ಮೇಲೆ ಇದೆ. ಲೇಸರ್ ಚಿಕಿತ್ಸೆಗೆ ಅವಸರ ಪಡಬೇಡ. 20 ವರ್ಷ ತುಂಬುವ ಮೊದಲು ಮಾಡಿಸಿಕೊಂಡರೆ ಒಪ್ಪುವುದಿಲ್ಲ. ಹಚ್ಚೆಯ ವಿಷಯದಲ್ಲಿ ನಿಯಮ ಬಿಗಿ. ಮುಂಗೈ ಒಳಭಾಗ, ಅಂಗೈ ಹಿಂಭಾಗ ಬಿಟ್ಟರೆ ಬೇರೆ ಕಡೆಯ ಹಚ್ಚೆಗೆ ಸಾಮಾನ್ಯವಾಗಿ ಅವಕಾಶ ಇಲ್ಲ. ಬುಡಕಟ್ಟು ಸಮುದಾಯದವರ ಸಂಪ್ರದಾಯಕ್ಕೆ ವಿನಾಯಿತಿ ಇದೆ. ನಿನ್ನದು ಭುಜದ ಮೇಲೆ ಅಂದೆ. ಅರ್ಜಿ ಹಾಕುವ ಮೊದಲೇ ಚರ್ಮದ ವೈದ್ಯರನ್ನು ನೋಡು. ಉಳಿದವರಿಗೆ ಒಂದು ಮಾತು: ಗೆಳೆಯರ ಜೊತೆ ಜಾತ್ರೆಗೆ ಹೋದಾಗ ಸುಮ್ನೆ ಖುಷಿಗೆ ಅಂತ ಹಾಕಿಸಿಕೊಳ್ಳಬೇಡಿ.

ಪ್ರಶ್ನೆ: ನಮಗೆ ದುಡ್ಡಿನ ಅನುಕೂಲ ಕಡಿಮೆ. ತರಬೇತಿಗೆ ಎಷ್ಟು ಖರ್ಚಾಗುತ್ತದೆ? ಆಗದಿದ್ದರೆ ಮಧ್ಯದಲ್ಲಿ ಬಿಟ್ಟು ಬರಬಹುದಾ? – ತಂದೆ, ರಾಯಚೂರು ಜಿಲ್ಲೆ

ಉತ್ತರ: ತರಬೇತಿಯ ಖರ್ಚು ಸರ್ಕಾರದ್ದೇ, ನೀವು ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ. ಚೆನ್ನೈನ ಓಟಿಎಯಲ್ಲಿ 49 ವಾರ, ಸಿಡಿಎಸ್ ಬರೆದು ಡೆಹ್ರಾಡೂನಿಗೆ ಹೋದವರಿಗೆ 18 ತಿಂಗಳು. ಆ ಅವಧಿಯಲ್ಲಿ ಕೆಡೆಟ್‌ಗಳಿಗೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಇದೆ. ಎಸ್‌ಎಸ್‌ಬಿಗೆ ಮೊದಲ ಸಲ ಹೋಗುವವರಿಗೆ ರೈಲಿನ ಖರ್ಚೂ ವಾಪಸ್ ಕೊಡುತ್ತಾರೆ, ಟಿಕೆಟ್ ಜೋಪಾನವಾಗಿ ಇಟ್ಟುಕೊಳ್ಳಲು ಮಗನಿಗೆ ಹೇಳಿ. ಯಾರಾದರೂ ‘ಸೀಟು ಕೊಡಿಸುತ್ತೇನೆ’ ಅಂತ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬಿಟ್ಟು ಬರುವ ವಿಷಯ ಯೋಚಿಸಬೇಕಾದ್ದೇ. ಗಾಯವಾಗಿಯೋ ಕಾಯಿಲೆಯಿಂದಲೋ ನಿಲ್ಲಬೇಕಾಗಿ ಬಂದರೆ ಅದು ಬೇರೆ. ಆದರೆ ತಾನಾಗಿ ಬೇಡ ಅಂತ ಬಂದರೆ ಅಲ್ಲಿಯವರೆಗಿನ ತರಬೇತಿಯ ಖರ್ಚನ್ನು ವಾಪಸ್ ಕಟ್ಟಬೇಕು. ಸೇರುವ ಮೊದಲೇ ನೀವು ಮತ್ತು ಮಗ ಇಬ್ಬರೂ ಆ ಕರಾರಿಗೆ ಸಹಿ ಹಾಕುತ್ತೀರಿ. ಕಾಗದ ಇಂಗ್ಲಿಷಿನಲ್ಲಿರುತ್ತದೆ. ಸಹಿ ಮಾಡುವ ಮುಂಚೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ.